ಹಾಲು ಕರೆದು ಬಂದವರ ಬಿ.ಪಿ.

ಮೂವತ್ತಮೂರು ವರ್ಷ ನಾನು ಜನರ ತೋಳು ಹಿಡಿದು ಸಂಬಳ ತೆಗೆದುಕೊಂಡೆ. ಸೂಜಿ ಚುಚ್ಚಿದ್ದೇನೆ, ಹೆರಿಗೆ ಮಾಡಿಸಿದ್ದೇನೆ, ಗಾಯ ತೊಳೆದು ಕಟ್ಟಿದ್ದೇನೆ. ಅದನ್ನೆಲ್ಲ ಬೇರೆಯವರೂ ಬರೆಯುತ್ತಾರೆ. ಕೊನೆಯ ಹತ್ತು ಹನ್ನೆರಡು ವರ್ಷ ಮಾತ್ರ ನನ್ನ ಮುಖ್ಯ ಕೆಲಸ ಬಿ.ಪಿ. ನೋಡುವುದಾಗಿತ್ತು. ಈಗ ನರ್ಸಿಂಗ್ ಮುಗಿಸಿ ಆರೋಗ್ಯ ಕೇಂದ್ರಗಳಿಗೆ ಬರುತ್ತಿರುವ ಹುಡುಗಿಯರು, "ಅದರಲ್ಲೇನಿದೆ ಮೇಡಂ, ಗುಂಡಿ ಒತ್ತಿದರೆ ಮೆಷಿನ್ನೇ ಹೇಳುತ್ತದಲ್ಲ" ಅನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೆಷಿನ್ನು ಹೇಳುವುದು ನಿಜ. ಆದರೆ ಎದುರಿನ ಮನುಷ್ಯ ಆ ಕುರ್ಚಿಗೆ ಬರುವ ಮುಂಚೆ ಏನು ಮಾಡಿ ಬಂದ ಎಂದು ಅದು ಕೇಳುವುದಿಲ್ಲ. ಬಹಳ ವರ್ಷ ನಾನೂ ಕೇಳಲಿಲ್ಲ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾಕೆ ತಡವಾಯಿತು, ಅದಕ್ಕೆ ಯಾರು ಅಡ್ಡಗಾಲು ಹಾಕಿದರು ಅನ್ನುವ ಪುರಾಣ ನನ್ನ ಗಂಡನಿಗೆ ಬಾಯಿಪಾಠವಾಗಿದೆ. ಅದು ನಿಮಗೆ ಬೇಡ. ನನ್ನ ತಪ್ಪುಗಳನ್ನು ಹೇಳುತ್ತೇನೆ. ನಿಮ್ಮ ಉಪಯೋಗಕ್ಕೆ ಬರುವುದು ಅವೇ.

ನಾನು ಕೆಲಸಕ್ಕೆ ಸೇರಿದಾಗ ಪಾದರಸದ ಮೆಷಿನ್ನು. ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಬುಡ್ಡೆ ಅಮುಕಿ, ಮೆಲ್ಲಗೆ ಗಾಳಿ ಬಿಡುತ್ತಾ, ಬಡಿತ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಕಿವಿಗೊಟ್ಟು ಕೇಳಿ ಎರಡು ಅಂಕಿ ಬರೆಯಬೇಕಿತ್ತು. ಹೊರಗೆ ಸಾಲು ಉದ್ದವಾಗಿದ್ದ ದಿನ ನನ್ನ ಕಿವಿಗೆ ಒಂದು ವಿಶೇಷ ಶಕ್ತಿ ಬರುತ್ತಿತ್ತು. ಬಂದವರಿಗೆಲ್ಲ ನೂರಿಪ್ಪತ್ತು, ಎಂಬತ್ತು. ಮುದುಕರು, ಬಸುರಿಯರು, ಜಗಳವಾಡಿಕೊಂಡು ಬಂದವರು, ಎಲ್ಲರಿಗೂ ಅದೇ. ಯಾರೂ ದೂರು ಕೊಡಲಿಲ್ಲ. ಚೆನ್ನಾಗಿದೆ ಅಂದರೆ ಯಾರು ದೂರು ಕೊಡುತ್ತಾರೆ?

ಆ ಶಕ್ತಿ ಮೊದಲ ಸಲ ಕೈಕೊಟ್ಟದ್ದು ಕೆ.ಜಿ.ಎಫ್‌ನಲ್ಲಿ ಕೆಲಸ ಮಾಡುತ್ತಿದ್ದಾಗ. ಅಲ್ಲಿನ ನಂದಿದುರ್ಗ ಎಂಬ ಹಳೆಯ ಚಿನ್ನದ ಗಣಿಯ ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಸೆಲ್ವಂ ಎಂಬುವನೊಬ್ಬ ಜಿಮ್ ನಡೆಸುತ್ತಿದ್ದ. ಗಣಿ ಕಾರ್ಮಿಕರ ಎರಡು ಮನೆಗಳ ನಡುವಿನ ಗೋಡೆ ಒಡೆದು, ಒಂದು ನಿಲುವುಗನ್ನಡಿ, ನಾಲ್ಕಾರು ಕಬ್ಬಿಣದ ತೂಕ, ಬಣ್ಣದ ಪೋಸ್ಟರ್ ಇಷ್ಟು ಇಟ್ಟುಕೊಂಡಿದ್ದ. ಒಂದು ಬೆಳಿಗ್ಗೆ ಅವನು ತೂಕ ಎತ್ತಿ, ಬೆವರು ಆರುವ ಮುಂಚೆ, ತನ್ನ ಶಿಷ್ಯರ ಮುಂದೆ ಪ್ರತಾಪ ತೋರಿಸಲು ನಮ್ಮಲ್ಲಿಗೆ ಬಂದ. ಅವನ ತೋಳಿಗೆ ನಮ್ಮ ಪಟ್ಟಿಯೇ ಸಾಲಲಿಲ್ಲ. ಹೇಗೋ ಎಳೆದು ಸುತ್ತಿದೆ. ನೂರಾ ತೊಂಬತ್ತರ ಹತ್ತಿರವೇ ಬಡಿತ ಕೇಳಿಸಿತು. ನಾನು ಅನುಭವಸ್ಥೆಯಾಗಿ ಮುಖ ಕಲ್ಲು ಮಾಡಿಕೊಳ್ಳಬೇಕಿತ್ತು. ಅದರ ಬದಲು "ಅಯ್ಯೋ" ಅಂದುಬಿಟ್ಟೆ.

"ಎನ್ನ ಸಿಸ್ಟರ್, ಈ ಬಾಡೀಗೆ ಬಿ.ಪಿ.ನಾ?" ಎಂದು ತಮಿಳು ಬೆರೆಸಿ ಕೇಳಿದ. ಧ್ವನಿ ಮಾತ್ರ ಮಗುವಿನದಾಗಿತ್ತು.

ಅವನು ಕೂರಲಿಲ್ಲ, ಮತ್ತೆ ನೋಡಲು ಬಿಡಲಿಲ್ಲ, ಸೀದಾ ಮನೆಗೆ ಹೋದ. ಅವತ್ತು ಸಂಜೆಯೊಳಗೆ ತೂಕಗಳನ್ನೆಲ್ಲ ಶಿಷ್ಯರಿಗೆ ಹಂಚಿ, ಹೆಂಡತಿಗೆ ಗ್ಯಾಸ್ ಪುಸ್ತಕ ಎಲ್ಲಿದೆ ಎಂದು ತೋರಿಸಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟನಂತೆ. ಮಾರನೆಯ ದಿನ ಇಬ್ಬರು ಅವನನ್ನು ಆಚೆ ಈಚೆ ಹಿಡಿದುಕೊಂಡು ಕರೆತಂದರು. ಸಾಲು ದೊಡ್ಡದಿತ್ತು, ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತಿದ್ದ. ಆಮೇಲೆ ನೋಡಿದರೆ ನೂರಿಪ್ಪತ್ನಾಲ್ಕು, ಎಂಬತ್ತು. ಈ ಸಲ ನಾನು ನಿಜವಾಗಿಯೂ ಕೇಳಿಸಿಕೊಂಡು ಬರೆದದ್ದು. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಬಿ.ಪಿ. ಏಕಾಏಕಿ ಏರುತ್ತದೆ, ಇಳಿಸಿ ಸುಧಾರಿಸಿಕೊಂಡರೆ ಇಳಿಯುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಸೆಲ್ವಂ ಜಿಮ್ ಮತ್ತೆ ತೆರೆದ. ಹಂಚಿದ ತೂಕಗಳಲ್ಲಿ ಒಂದು ಜೋಡಿ ಮಾತ್ರ ವಾಪಸು ಬರಲಿಲ್ಲವಂತೆ. ಆ ಬಾಬ್ತು ಇವತ್ತಿಗೂ ನನ್ನ ತಲೆಗೇ ಕಟ್ಟುತ್ತಾನೆ.

ಇನ್ನೊಂದು ಪಾಠ ಸಿಕ್ಕಿದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ನನ್ನ ಮನೆ ಇರುವುದು ಬಂಗಾರಪೇಟೆಯಲ್ಲೇ. ಬೆಂಗಳೂರಿಗೆ ದಿನಾ ಹೋಗಿ ಬರುವವರು ಮೇಲ್ಸೇತುವೆ ಹತ್ತಿ ಇಳಿದು ರೈಲಿಗೆ ಓಡುವುದನ್ನು ನೋಡಿಯೇ ನನಗೆ ಏದುಸಿರು ಬರುತ್ತದೆ. ಒಬ್ಬ ಹಾಗೆ ಓಡಿ ಬಂದ, ರೈಲು ಕಣ್ಣೆದುರೇ ಹೊರಟುಹೋಯಿತು, ಅವನು ಗಕ್ಕನೆ ನಿಂತುಬಿಟ್ಟ. ಬಿಳುಚಿಕೊಂಡು ಅಲ್ಲೇ ಕುಸಿದ. ಎಲ್ಲರೂ ಹಾರ್ಟ್ ಅಟ್ಯಾಕ್ ಅಂದರು. ನಾನು ಅವನನ್ನು ಮಲಗಿಸಿ, ಕಾಲುಗಳನ್ನು ಅವನ ಬ್ಯಾಗಿನ ಮೇಲೆತ್ತಿ ಇಟ್ಟೆ. ಚೀಲದಲ್ಲಿದ್ದ ಮೆಷಿನ್ನಿನಲ್ಲಿ ನೋಡಿದರೆ ಬಿ.ಪಿ. ನೆಲ ಕಚ್ಚಿತ್ತು. ಓಡುವಾಗ ಕಾಲಿಗಿಳಿದ ರಕ್ತ, ಇದ್ದಕ್ಕಿದ್ದಂತೆ ನಿಂತರೆ ಅಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ. ಐದು ನಿಮಿಷಕ್ಕೆ ಎದ್ದು ಕೂತ. ಆಸ್ಪತ್ರೆಗೆ ಹೋಗಿ ಒಮ್ಮೆ ತೋರಿಸಿಕೊಳ್ಳಲು ಹೇಳಿದೆ. ಆಮೇಲಿಂದ ರೈಲು ತಪ್ಪಿಸಿಕೊಂಡವರಿಗೆಲ್ಲ ನನ್ನದು ಒಂದೇ ಸಲಹೆ: ನಿಂತುಬಿಡಬೇಡಿ, ರೈಲಿನವರನ್ನು ಬೈಯುತ್ತಾ ಪ್ಲಾಟ್‌ಫಾರಂ ಮೇಲೆ ನಾಲ್ಕು ನಿಮಿಷ ಓಡಾಡಿ. ಬೈಯುವುದನ್ನು ಮಾತ್ರ ಜನ ಶ್ರದ್ಧೆಯಿಂದ ಪಾಲಿಸುತ್ತಾರೆ.

ಇಷ್ಟೆಲ್ಲ ಕಂಡ ಮೇಲೆ ನಾನು ಬುದ್ಧಿವಂತೆಯಾಗಬೇಕಿತ್ತು. ಆದದ್ದು ಅತಿಬುದ್ಧಿವಂತೆ.

ನನ್ನ ಕೊನೆಯ ಆರೋಗ್ಯ ಕೇಂದ್ರ ಕ್ಯಾಸಂಬಳ್ಳಿ ಕಡೆಗಿತ್ತು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಆ ಊರಿನವರು ಬಂಗಾರಪೇಟೆಯವರೆಗೂ ಬಂದು ಜಗಳವಾಡುತ್ತಾರೆ. ಅಲ್ಲಿನ ಡಾಕ್ಟರಮ್ಮ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಬಂದ ಮೊದಲ ವಾರವೇ ನನ್ನ ರಿಜಿಸ್ಟರ್ ತಿರುವಿ ಹಾಕಿ, "ಇವತ್ತು ಬಂದವರಿಗೆಲ್ಲ ಒಂದೇ ಬಿ.ಪಿ. ಇದೆಯಲ್ಲ ಸಿಸ್ಟರ್, ಎಲ್ಲರೂ ಅಣ್ಣ ತಮ್ಮಂದಿರಾ?" ಎಂದು ಕೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಮಾರನೆಯ ದಿನವೇ ಗುಂಡಿ ಒತ್ತುವ ಮೆಷಿನ್ನು ಬಂತು. ಜೊತೆಗೆ ಅವರ ನಿಯಮವೂ ಬಂತು: ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಪಾದ ನೆಲದ ಮೇಲಿರಬೇಕು, ತೋಳು ಮೇಜಿನ ಮೇಲಿರಬೇಕು, ನೋಡುವಾಗ ಮಾತಾಡಿಸಬಾರದು. ಮೊದಲ ಮೂರನ್ನು ಅರ್ಧಂಬರ್ಧ ಪಾಲಿಸುತ್ತಿದ್ದೆ. ನಾಲ್ಕನೆಯದು ನನ್ನಿಂದ ಸಾಧ್ಯವೇ ಇರಲಿಲ್ಲ. ಒಬ್ಬ ಹೆಂಗಸಿನ ತೋಳು ಹಿಡಿದು ಕೂತು ಅವಳ ಮನೆ ಸುದ್ದಿ ಕೇಳದೆ ಇರುವುದು ಹೇಗೆ?

ಕೇಂದ್ರಕ್ಕೆ ಬಸ್ಸಿನಲ್ಲಿ ಬರಬೇಕಾದ ಪಕ್ಕದ ಹಳ್ಳಿಯೊಂದರ ಮುನಿಯಮ್ಮನಿಗೆ ಅರವತ್ತು ದಾಟಿತ್ತು. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದು ಎದುರಿಗೆ ನಿಂತವರು ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ಅವಳಿಗಿದ್ದ ಎರಡು ಸೀಮೆ ಹಸುಗಳನ್ನು ಮಾತ್ರ ಮೈ ತಡವಿಯೇ ಗುರುತಿಸಿ, ಕೈಯಲ್ಲೇ ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕುತ್ತಿದ್ದಳು. ಹಸುಗಳೂ ಅವಳ ಹೊರತು ಇನ್ನೊಬ್ಬರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಒಂದು ದಿನ ಕ್ಯಾನಿನ ಸಮೇತ ಮೋರಿಗೆ ಬಿದ್ದಳು. ಮಗ ನಾರಾಯಣಸ್ವಾಮಿ ಹೆದರಿಹೋದ. ಒಳ್ಳೆಯ ಮಗ, ಆದರೆ ಹೆದರಿದ ಒಳ್ಳೆಯವರು ಹಟ ಹಿಡಿದರೆ ಕಷ್ಟ. ಕಣ್ಣು ಆಪರೇಷನ್ ಆದರೆ ಸರಿ, ಇಲ್ಲದಿದ್ದರೆ ಹಸು ಮಾರಿಬಿಡುತ್ತೇನೆ ಎಂದು ಹೇಳಿಬಿಟ್ಟ. ಮುನಿಯಮ್ಮನಿಗೆ ಕಣ್ಣು ಬೇಕಾಗಿದ್ದದ್ದೇ ಹಸುಗಳಿಗಾಗಿ.

ನಮ್ಮ ಕೇಂದ್ರದಲ್ಲಿ ಆಗಾಗ ಕಣ್ಣಿನ ಶಿಬಿರ ನಡೆಯುತ್ತಿತ್ತು. ಪೊರೆ ಇದ್ದವರನ್ನು ಅಲ್ಲೇ ಆರಿಸಿ, ಬಸ್ಸಿನಲ್ಲಿ ದೂರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಬಿ.ಪಿ. ಹೆಚ್ಚಿದ್ದವರನ್ನು ಬಸ್ಸು ಹತ್ತಿಸುತ್ತಿರಲಿಲ್ಲ. ಮೊದಲ ಶಿಬಿರದಲ್ಲಿ ಮುನಿಯಮ್ಮನಿಗೆ ನೂರಾ ಎಂಬತ್ತೆಂಟು. ಡಾಕ್ಟರಮ್ಮ ಮಾತ್ರೆ ಶುರು ಮಾಡಿದರು. ಎರಡನೆಯ ಶಿಬಿರದಲ್ಲಿ ನೂರಾ ಎಂಬತ್ತೆರಡು. ಎರಡು ಸಲವೂ ವಾಪಸು ಕಳಿಸಿದವಳು ನಾನೇ.

"ನನ್ನ ಕಣ್ಣು ಇಲ್ಲೈತೆ ನರ್ಸಮ್ಮ," ಎಂದು ಅವಳು ಮುಖ ಮುಂದೆ ತಂದು ತೋರಿಸಿದಳು. "ನಾನು ಬಂದಾಗೆಲ್ಲ ಕೈ ಇಡ್ಕೊಂಡು ಕಣ್ಣಿಗೆ ಬ್ಯಾಡ ಅಂತೀಯಲ್ಲ, ಇದು ಯಾವೂರ್ ನ್ಯಾಯ?"

ನನಗೆ ನಗು ಬಂತು, ಜೊತೆಗೆ ಸಂಕಟವೂ ಆಯಿತು. ಅವಳನ್ನು ಮೊದಲ ಸಲ ಕೂರಿಸಿಕೊಂಡು ಬೆಳಗಿನಿಂದ ಏನೇನು ಮಾಡಿದೆ ಎಂದು ಕೇಳಿದ್ದು ಆಗ. ಎರಡು ದಿನ ಊರಲ್ಲಿ ಇರುವುದಿಲ್ಲವೆಂದು ಕೊಟ್ಟಿಗೆ ಬಳಿದು, ಎರಡು ಹಸುಗಳ ಕೆಚ್ಚಲು ಬರಿದಾಗುವವರೆಗೆ ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕಿ, ಬಸ್ಸಿಗೆ ಓಡಿ, ಸೀಟು ಸಿಗದೆ ಕಂಬಿ ಬಿಗಿಯಾಗಿ ಹಿಡಿದು ನಿಂತು ಬಂದಿದ್ದಳು. ಹಾಲು ಕರೆಯುವುದೆಂದರೆ ಬೆರಳು ಬಿಗಿಹಿಡಿದು ಹಿಂಡುವ ಕೆಲಸ. ಸೆಲ್ವಂ ಕಬ್ಬಿಣದಲ್ಲಿ ಮಾಡುತ್ತಿದ್ದುದನ್ನು ಇವಳು ಕೆಚ್ಚಲಿನಲ್ಲಿ ಮಾಡಿ ಬಂದಿದ್ದಳು. ನಾನು ಅವಳನ್ನು ಬಂದ ಕಾಲಲ್ಲೇ ಕೂರಿಸಿ, ಸೊಸೆಯ ವಿಚಾರ ಬೇರೆ ಕೇಳುತ್ತಾ ಗುಂಡಿ ಒತ್ತಿದ್ದೆ.

ಇಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದ್ದೆ. ಇದನ್ನು ಊರಿಗೆಲ್ಲ ತೋರಿಸಿಕೊಡಬೇಕು ಅನ್ನುವ ಹುಕಿ ಹತ್ತಿದ್ದು ಆಮೇಲೆ. ಡಾಕ್ಟರಮ್ಮ ರಜೆಯಲ್ಲಿದ್ದ ದಿನ ನೋಡಿ, ಸೆಲ್ವಂನನ್ನು ಕೆ.ಜಿ.ಎಫ್‌ನಿಂದ ಕರೆಸಿ, ಡೈರಿಯ ಮುಂದಿನ ಹೊಂಗೆ ಮರದ ಕೆಳಗೆ ಒಂದು ಪ್ರದರ್ಶನ ಏರ್ಪಡಿಸಿದೆ. ಡೈರಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರ ಹೆಸರು, ಹೆಸರಿನ ಮುಂದೆ ಬಿ.ಪಿ. ಬರೆದೆ. ನಾಲ್ವರನ್ನು ಕೆರೆ ಕಟ್ಟೆಯವರೆಗೆ ಬಿರುಸಾಗಿ ನಡೆದು ಬರಲು ಕಳಿಸಿದೆ, ಮುನಿಯಮ್ಮನೂ ಅದರಲ್ಲಿದ್ದಳು, ಸೊಸೆ ಕೈ ಹಿಡಿದಿದ್ದಳು. ಬಿ.ಪಿ. ಇಲ್ಲದ ಮೂವರು ಗಟ್ಟಿ ಆಳುಗಳಿಗೆ ರಾಗಿ ಮೂಟೆ ಎತ್ತಿ ಜಗಲಿಗೆ ಹಾಕುವ ಕೆಲಸ. ಇಬ್ಬರು ಹೆಂಗಸರು ಒದ್ದೆ ಬಟ್ಟೆ ಹಿಂಡಿ ಹಿಡಿದುಕೊಂಡು ಕೂರಬೇಕು. ಸೆಲ್ವಂ ಸೀಟಿ ಊದುತ್ತಾ, "ಮೂಚ್ಚು ಬಿಡು, ಉಸಿರು ಕಟ್ಟಬೇಡ" ಎಂದು ಮೂಟೆಯವರ ಹಿಂದೆ ಓಡಾಡುತ್ತಿದ್ದ. ಗಂಡಸರ ಮುಂದೆ ಉಸಿರು ಬಿಟ್ಟರೆ ಮರ್ಯಾದೆ ಹೋಗುತ್ತದೆಂದು ಮೂವರೂ ಉಸಿರು ಕಟ್ಟಿಯೇ ಎತ್ತಿದರು. ಒಬ್ಬ ಮೂಟೆ ಇಳಿಸಿ, ತಲೆ ಸುತ್ತಿ, ಅದೇ ಮೂಟೆಯ ಮೇಲೆ ಕೂತ.

ಕೆಲಸ ಮುಗಿಸಿದ ಕೂಡಲೇ ನೋಡಿದರೆ ಎಲ್ಲರದೂ ಏರಿತ್ತು. ಬಟ್ಟೆ ಹಿಂಡಿದ ಹೆಂಗಸರದು, ಕೂತಲ್ಲೇ ಕೂತಿದ್ದರೂ ಏರಿತ್ತು. ಜನಕ್ಕೆ ಅದೇ ದೊಡ್ಡ ಸೋಜಿಗ. ಅರ್ಧ ಗಂಟೆ ಮರದ ನೆರಳಲ್ಲಿ ಕೂರಿಸಿ ಮತ್ತೆ ನೋಡಿದೆ. ಹಿಂಡಿದವರದು ಮೊದಲಿದ್ದಲ್ಲಿಗೆ ಬಂದು ನಿಂತಿತ್ತು, ಮೂಟೆಯವರದು ಹೆಚ್ಚುಕಮ್ಮಿ ಹಾಗೇ. ನಡೆದವರದು ಮಾತ್ರ ನಡೆಯುವ ಮುಂಚೆ ಇದ್ದದ್ದಕ್ಕಿಂತ ಕೆಳಗಿಳಿದಿತ್ತು. ಒಳ್ಳೆಯ ನಡಿಗೆಯಾದ ಮೇಲೆ ರಕ್ತನಾಳಗಳು ಸಡಿಲಗೊಂಡು ಕೆಲವು ಗಂಟೆ ಹಾಗೇ ಇರುತ್ತವೆ. ಬಿ.ಪಿ. ಇದ್ದವರಲ್ಲಿ ಈ ಇಳಿತ ಚೆನ್ನಾಗಿ ಕಾಣುತ್ತದೆ. ಮುನಿಯಮ್ಮನದು ನೂರಾ ಐವತ್ತರ ಕೆಳಕ್ಕೆ ಬಂದಿತ್ತು. ಊರೆಲ್ಲ ಹಲಗೆಯ ಮುಂದೆ ನಿಂತು ನನ್ನನ್ನೇ ನೋಡುತ್ತಿತ್ತು. ಆ ಹುರುಪಿನಲ್ಲಿ ನನ್ನ ಬಾಯಿಂದ ಒಂದು ಮಾತು ಹೊರಬಿತ್ತು: "ನೋಡಿದ್ರಾ, ನಡೆದರೆ ಮಾತ್ರೆ ನುಂಗಿದ ಹಾಗೆ."

ನನ್ನ ಇಡೀ ಸೇವೆಯಲ್ಲಿ ಜನ ಚಾಚೂ ತಪ್ಪದೆ ಪಾಲಿಸಿದ ನನ್ನ ಮಾತು ಅದೊಂದೇ.

ಆಮೇಲಿನ ಮಂಗಳವಾರಗಳು ನನಗೆ ಹಬ್ಬ. ಮಂಗಳವಾರ ನಮ್ಮಲ್ಲಿ ಬಿ.ಪಿ., ಶುಗರ್ ನೋಡುವ ದಿನ. ಆ ಊರಿನವರು ಬಸ್ಸು ಬಿಟ್ಟು ನಡೆದೇ ಬರತೊಡಗಿದರು. ಬಂದು, ಹೊರಗಿನ ಜಗಲಿಯ ಮೇಲೆ ಅರ್ಧ ಗಂಟೆ ಗಂಭೀರವಾಗಿ ಕೂತು, ಆಮೇಲೆ ಒಳಗೆ ಬಂದು ತೋಳು ಚಾಚುತ್ತಿದ್ದರು. ಒಬ್ಬೊಬ್ಬರದೂ ಮುತ್ತಿನಂಥ ಬಿ.ಪಿ. ಮುನಿಯಮ್ಮನದು ನಾಲ್ಕು ವಾರ ಸಾಲಾಗಿ ನೂರಾ ನಲವತ್ತರ ಆಸುಪಾಸು. ನಾನು ಅವಳ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಮೂರನೆಯ ಶಿಬಿರದ ದಿನ ಕೈಯಾರೆ ಬಸ್ಸು ಹತ್ತಿಸಿದೆ. ಎರಡು ದಿನ ಕಳೆದರೆ ಹಸು ಕಾಣಿಸ್ತಾವೆ ಹೋಗು ಎಂದು ಹೇಳಿ ಕೈ ಬೀಸಿದೆ. ಬೀಸಿದ ಕೈ ಅವಳಿಗೆ ಕಾಣುವುದಿಲ್ಲ ಎಂಬುದು ಬಸ್ಸು ಹೋದ ಮೇಲೆ ಹೊಳೆಯಿತು.

ಮಾರನೆಯ ಸಂಜೆಯೇ ಅವಳು ವಾಪಸು ಬಂದಳು. ಕಣ್ಣಿಗೆ ಪಟ್ಟಿ ಇರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ನೋಡಿದ್ದರಂತೆ, ನೂರಾ ತೊಂಬತ್ತು. ಗಂಟೆ ಬಿಟ್ಟು ನೋಡಿದರೂ ಅಷ್ಟೇ. ಅಲ್ಲಿ ನಡಿಗೆಯೂ ಇಲ್ಲ, ಜಗಲಿಯೂ ಇಲ್ಲ. ಜೊತೆಗೆ ಕಳಿಸಿದ್ದ ಚೀಟಿಯಲ್ಲಿ, ನಿಮ್ಮ ಕೇಂದ್ರದ ಮೆಷಿನ್ನನ್ನು ಪರೀಕ್ಷಿಸಿಕೊಳ್ಳಿ ಎಂದು ಬರೆದಿತ್ತು.

ಡಾಕ್ಟರಮ್ಮ ಚೀಟಿ ಓದಿ ನನಗೆ ಕೊಟ್ಟು, "ಮಾತ್ರೆ ತಗೋತಿದ್ರಾ ಅಂತ ಕೇಳಿದ್ರಾ ಸಿಸ್ಟರ್?" ಅಂದರು.

ನಾನು ಕೇಳಿರಲಿಲ್ಲ. ಮುತ್ತಿನಂಥ ಬಿ.ಪಿ. ಕಣ್ಣೆದುರಿಗಿರುವಾಗ ಕೇಳಬೇಕು ಎಂದು ಹೊಳೆದೇ ಇರಲಿಲ್ಲ. ಮುನಿಯಮ್ಮ ಬೆಂಚಿನ ಮೇಲೆ ಕೂತಿದ್ದಳು. ಈಗ ಕೇಳಿದೆ.

"ನೀನೇ ಅಲ್ಲೇನಮ್ಮ ಏಳಿದ್ದು, ನಡುದ್ರೆ ಮಾತ್ರೆ ನುಂಗ್ದಂಗೆ ಅಂತ," ಅಂದಳು. "ನಾನು ದಿನಾ ನಡುದೆ. ಮಾತ್ರೆ ಯಾಕೆ ದಂಡ ಮಾಡ್ಲಿ? ನಡೆಯಕ್ಕಾಗದೋರ್ಗೆ ಕೊಟ್ಟೆ."

ಅವಳೊಬ್ಬಳೇ ಅಲ್ಲ. ಆ ಊರಿನಲ್ಲಿ ನಡೆಯುವವರೆಲ್ಲ ಮಾತ್ರೆ ಬಿಟ್ಟು, ಮಂಡಿನೋವಿನಿಂದ ಕೂತವರಿಗೆ ದಾನ ಮಾಡುತ್ತಿದ್ದರು. ಒಂದು ಮನೆಯಲ್ಲಿ ಗಂಡ ನಡೆಯುತ್ತಿದ್ದ, ಅವನ ಮಾತ್ರೆಯನ್ನೂ ಸೇರಿಸಿ ಹೆಂಡತಿ ಎರಡು ನುಂಗುತ್ತಿದ್ದಳು. ಅವಳಿಗೆ ಎದ್ದರೆ ತಲೆ ಸುತ್ತುತ್ತಿತ್ತು, ಅದಕ್ಕೆ ನಿಂಬೆಹಣ್ಣು ನಿವಾಳಿಸಿ ಎಸೆದಿದ್ದರು. ನಡಿಗೆಯ ಇಳಿತ ಆ ಹೊತ್ತಿನದು, ಮರುದಿನಕ್ಕೆ ಅದು ಉಳಿಯುವುದಿಲ್ಲ, ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಆ ವಾರವೆಲ್ಲ ಡಾಕ್ಟರಮ್ಮ ಮತ್ತು ನಾನು ಮನೆ ಮನೆ ತಿರುಗಿ, ಯಾರ ಮಾತ್ರೆ ಯಾರ ಹೊಟ್ಟೆಯಲ್ಲಿದೆ ಎಂದು ಹುಡುಕಿದೆವು. ಯಾರಿಗೂ ಪಾರ್ಶ್ವವಾಯು ಹೊಡೆಯಲಿಲ್ಲ. ಅದು ನನ್ನ ಜಾಣತನವಲ್ಲ, ಅವರ ಅದೃಷ್ಟ. ಡಾಕ್ಟರಮ್ಮ ನನ್ನ ಮೇಲೆ ಮೇಲಧಿಕಾರಿಗಳಿಗೆ ಕಾಗದ ಬರೆಯಬಹುದಿತ್ತು, ಬರೆಯಲಿಲ್ಲ. ಡೈರಿಯ ಹಲಗೆಯ ಮೇಲೆ ನನ್ನ ಕೈಯಲ್ಲೇ ಬರೆಸಿದರು: ನಡಿಗೆಯೂ ಬೇಕು, ಮಾತ್ರೆಯೂ ಬೇಕು.

ನಾರಾಯಣಸ್ವಾಮಿಯ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ಅವನು ಕೂಗಾಡಲಿಲ್ಲ. "ಇನ್ನ ಸಾಕು ನರ್ಸಮ್ಮ. ಇನ್ನೊಂದ್ ಕಿತ ಬಿದ್ರೆ ಸೊಂಟನೂ ಓಯ್ತದೆ. ಅಸ ಕೇಳ್ಕೊಂಡು ಜನ ಬಂದವ್ರೆ," ಅಂದ. ಮುನಿಯಮ್ಮ ಕೊಟ್ಟಿಗೆಯ ಕಡೆ ತಿರುಗಿ ಕೂತಿದ್ದಳು, ನಮ್ಮ ಮಾತು ತನಗೆ ಸಂಬಂಧವೇ ಇಲ್ಲವೆಂಬಂತೆ ಹಸುವಿನ ಮೈ ತಡವಿ ಉಣ್ಣೆಹುಳ ಕೀಳುತ್ತಿದ್ದಳು. ನಾನು ಮುಂದಿನ ಶಿಬಿರದವರೆಗೆ ಗಡುವು ಕೇಳಿದೆ. ತಪ್ಪು ನನ್ನದು, ಅವಳದಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಅವನು ಒಪ್ಪಿದ.

ಮುಂದಿನ ಶಿಬಿರಕ್ಕೆ ಐದು ವಾರವಿತ್ತು. ವಾರಕ್ಕೆ ಮೂರು ದಿನ ಬಂಗಾರಪೇಟೆಯಿಂದ ಮೊದಲ ಬಸ್ಸು ಹಿಡಿದು, ಅವಳು ಕೆಚ್ಚಲಿಗೆ ಕೈ ಹಾಕುವ ಮುಂಚೆ ಅವರ ಮನೆ ಬಾಗಿಲಲ್ಲಿರುತ್ತಿದ್ದೆ. ಐದು ನಿಮಿಷ ಅವಳೂ ನಾನೂ ಎದುರುಬದುರು ಸುಮ್ಮನೆ ಕೂರಬೇಕು. ಅವಳು ಸುಲಭವಾಗಿ ಕೂರುತ್ತಿದ್ದಳು. ನನಗೆ ಆ ಐದು ನಿಮಿಷ ಒಂದು ಹೆರಿಗೆಯಷ್ಟು ದೀರ್ಘ. ಮೊದಲ ವಾರ ನೂರಾ ಎಂಬತ್ತರ ಮೇಲೆಯೇ ಇತ್ತು. ಡಾಕ್ಟರಮ್ಮ ಮಾತ್ರೆ ಬದಲಿಸಿದರು. ಸೊಸೆ ಎದುರಿಗೆ ನಿಂತು ನುಂಗಿಸುತ್ತಿದ್ದಳು. ಸಂಜೆ ಕೆರೆ ಕಟ್ಟೆಯ ನಡಿಗೆ ನಿಲ್ಲಿಸಲಿಲ್ಲ. ಭಾರದ ಕ್ಯಾನನ್ನು ಇಬ್ಬರು ಹಿಡಿದು, ಉಸಿರು ಬಿಡುತ್ತಾ ಎತ್ತಬೇಕೆಂದು ಸೆಲ್ವಂ ಬಂದು ತೋರಿಸಿಕೊಟ್ಟ. ಮೂರನೆಯ ವಾರಕ್ಕೆ ನೂರಾ ಅರವತ್ತು. ಐದನೆಯ ವಾರ, ಎದ್ದ ಕೂಡಲೇ, ನಡೆಯದೆ, ಹಿಂಡದೆ, ನೂರಾ ನಲವತ್ತೆರಡು. ಅಷ್ಟು ಸಾಧಾರಣವಾದ ಅಂಕಿ ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಉಳಿದದ್ದು ಒಂದೇ ತೊಡಕು. ಆಪರೇಷನ್ ಆದ ಮೇಲೆ ಅವಳು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಒಂದೆರಡು ದಿನವಾದರೆ ಹೇಗೋ ನಡೆಯುತ್ತಿತ್ತು, ತಿಂಗಳುಗಟ್ಟಲೆ ಹಸು ಕರೆಯುವವರು ಯಾರು? ಸೊಸೆ ಹತ್ತಿರ ಹೋದರೆ ಒಂದು ಹಸು ಒದೆಯುತ್ತಿತ್ತು, ಇನ್ನೊಂದು ಹಾಲು ಬಿಗಿಹಿಡಿಯುತ್ತಿತ್ತು. ಕೊನೆಗೆ ಮುನಿಯಮ್ಮನೇ ದಾರಿ ಹೇಳಿದಳು. ತನ್ನ ಒಗೆಯದ ಸೀರೆಯನ್ನು ಉಟ್ಟು ಕೂತರೆ ಹಸು ವಾಸನೆಗೆ ಒಲಿಯುತ್ತದೆ ಅಂದಳು. ಸೊಸೆ ಉಟ್ಟು ನೋಡಿದಳು, ಒದೆ ತಿಂದಳು. ಉಳಿದವನು ನಾರಾಯಣಸ್ವಾಮಿ. ಮೀಸೆ ಹೊತ್ತ ಆರಡಿಯ ಗಂಡಸು, ತಾಯಿಯ ಹಸಿರು ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಬಕೆಟ್ಟು ಹಿಡಿದು ಕೂತ. ಹಸು ಒಮ್ಮೆ ತಿರುಗಿ ನೋಡಿ, ಮೂಸಿ, ಹಾಲು ಬಿಟ್ಟಿತು. ನಗಬಾರದೆಂದು ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಆ ತಿಂಗಳು ಅವನು ಬೆಳಕು ಹರಿಯುವ ಮುಂಚೆಯೇ ಕರೆದು ಮುಗಿಸುತ್ತಿದ್ದನಂತೆ. ಆದರೂ ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ನಾನೇ ಹೇಳಿದ್ದೆ.

ಈ ಸಲ ಬಸ್ಸು ಅವಳನ್ನು ವಾಪಸು ತಂದಾಗ ಕಣ್ಣಿನ ಮೇಲೆ ಪಟ್ಟಿ ಇತ್ತು. ಬಸ್ಸಿನ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಯಾರಾದರೂ ಸತ್ತರೇನಮ್ಮ ಎಂದು ಅವಳು ಗಾಬರಿಯಾದಳು.

ಒಂದೂವರೆ ತಿಂಗಳಾದ ಮೇಲೆ ಒಂದು ಮಂಗಳವಾರ ಅವಳೊಬ್ಬಳೇ, ಯಾರ ಕೈಯನ್ನೂ ಹಿಡಿಯದೆ, ನಮ್ಮ ಕೇಂದ್ರದ ಮೆಟ್ಟಿಲು ಹತ್ತಿ ಬಂದಳು. ಹಸುಗಳು ಚೆನ್ನಾಗಿವೆಯಂತೆ, ಒಂದಕ್ಕೆ ಹಣೆಯ ಮೇಲೆ ಚುಕ್ಕೆ ಇರುವುದು ಈಗಷ್ಟೇ ಗೊತ್ತಾಯಿತಂತೆ. ಮಾತಾಡುತ್ತಾ ನನ್ನ ಮುಂದೆ ಬಂದು ನಿಂತವಳು ಮಾತು ನಿಲ್ಲಿಸಿದಳು. ಕಪ್ಪು ಕನ್ನಡಕ ತೆಗೆದು ಮಡಿಚಿ ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ತಲೆಯಿಂದ ಪಾದದವರೆಗೆ, ಆಮೇಲೆ ಅಡ್ಡಡ್ಡವಾಗಿ ನೋಡಿದಳು. ಅಡ್ಡಡ್ಡ ನೋಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

"ದನಿ ಕೇಳಿ ಕಡ್ಡಿಯಂಗಿದ್ದೀಯ ಅನ್ಕಂಡಿದ್ದೆ ಕಣಮ್ಮ," ಅಂದಳು. "ನಮ್ಮನ್ನೆಲ್ಲ ಕೆರೆ ಕಟ್ಟೆ ತಿರುಗ್ಸಿದ್ದೋಳು ನೀನೇನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

"ನಿನ್ನ ಬಿ.ಪಿ. ಯಾರ್ ನೋಡ್ತಾರೆ?"

ಮೂರು ದಶಕದಿಂದ ಸಾವಿರಾರು ತೋಳಿಗೆ ಪಟ್ಟಿ ಸುತ್ತಿದವಳು, ನನ್ನ ತೋಳಿಗೆ ಕೊನೆಯ ಸಲ ಸುತ್ತಿದ್ದು ಮಗಳ ಬಾಣಂತನದಲ್ಲೋ ಅದಕ್ಕೂ ಮುಂಚೆ ನನ್ನದೇ ಬಸುರಿನಲ್ಲೋ ನೆನಪಾಗಲಿಲ್ಲ. ಕೆಲಸ ಇದೆ, ಆಮೇಲೆ ನೋಡೋಣ ಅಂದೆ. ಮುನಿಯಮ್ಮ ನನ್ನ ಭುಜ ಹಿಡಿದು, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂರಿಸಿದಳು. ಹಾಲು ಕರೆದ ಕೈ ಅದು, ಏಳಲು ಆಗಲಿಲ್ಲ. ಡಾಕ್ಟರಮ್ಮ ಒಳಗಿನಿಂದ ಬಂದು, ಏನೂ ಕೇಳದೆ ತಾವೇ ಪಟ್ಟಿ ಸುತ್ತಿದರು. ಐದು ನಿಮಿಷ ಇಡೀ ಸಾಲು ಉಸಿರು ಬಿಗಿಹಿಡಿದು ನಿಂತಿತ್ತು. ನೂರಾ ಎಪ್ಪತ್ತಾರು. ಇನ್ನೊಮ್ಮೆ ನೋಡಿದರು, ನೂರಾ ಎಪ್ಪತ್ತನಾಲ್ಕು. ನಾನು ಅವತ್ತು ಬೆಳಗಿನಿಂದ ಏನೂ ಎತ್ತಿರಲಿಲ್ಲ, ಹಿಂಡಿರಲಿಲ್ಲ, ಓಡಿರಲಿಲ್ಲ. ಅದೇ ತೊಂದರೆ ಅಂದರು ಡಾಕ್ಟರಮ್ಮ.

ಅವತ್ತು ಮಧ್ಯಾಹ್ನ ಮಾತ್ರೆ ಕೊಡುವ ಕಿಟಕಿಯ ಹೊರಗಡೆ ಮೊದಲ ಸಲ ನಿಂತೆ. ಕೈಯಲ್ಲಿ ನನ್ನ ಹೆಸರಿನ ಹೊಸ ಕಾರ್ಡು. ಹಿಂದೆ ಮುನಿಯಮ್ಮ. ಮಾತ್ರೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಅವಳು ನೀರಿನ ಲೋಟ ಮುಂದೆ ಹಿಡಿದು, ನಾನು ಬಾಯಿಗೆ ಹಾಕಿ ನುಂಗುವವರೆಗೂ ರೆಪ್ಪೆ ಬಡಿಯದೆ ನೋಡುತ್ತಿದ್ದಳು.